ಕೊರಳಿನ ಕೊರಡು

ಬಸ್ಸಿನ ಹಾರನ್ ಕೇಳಿಸಿದಾಗ ದೊಡ್ಡಬೀರಯ್ಯ ತೂಬಿನ ಕೆಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ಹಲಗೆ ಎತ್ತುತ್ತಿದ್ದ. ಎತ್ತಿದ ಹಲಗೆಯನ್ನು ಏರಿಯ ಮೇಲೆ ಇಡುವುದನ್ನೂ ಮರೆತು ಕಿವಿಗೊಟ್ಟ. ಪುಣಜನೂರಿನ ಕಡೆಯಿಂದ ಬರುವ ಬೆಳಗಿನ ಬಸ್ಸು ಊರ ಮುಂದೆ ಒಂದು ಸಲ ಕೂಗುತ್ತದೆ. ಯಾರೂ ಕೈ ಅಡ್ಡ ಹಾಕದಿದ್ದರೆ ನಿಲ್ಲದೆ ಚಾಮರಾಜನಗರದ ಕಡೆಗೆ ಹೋಗಿಬಿಡುತ್ತದೆ. ಇವತ್ತು ನಿಂತಿತು. ನಿಂತದ್ದು ಇಲ್ಲಿಗೆ ಕಾಣಿಸುವಂತಿರಲಿಲ್ಲ, ಆದರೆ ಎಂಜಿನ್ನಿನ ಸದ್ದು ತಗ್ಗಿದ್ದು, ಬಾಗಿಲು ಎಳೆದುಕೊಂಡದ್ದು, ಸದ್ದು ಮತ್ತೆ ಏರಿ ದೂರವಾದದ್ದು ಎಲ್ಲ ಅವನ ಕಣ್ಣೆದುರೇ ನಡೆದ ಹಾಗಿತ್ತು. ಹತ್ತಿದವನು ಮರಿಯಯ್ಯ, ತನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಒಗೆದ ಪಂಚೆ ಉಟ್ಟು, ಹೆಗಲಿಗೆ ಹೊಸ ಕಂಬಳಿ ಹಾಕಿಕೊಂಡು ಗುಂಡ್ಲುಪೇಟೆಯ ಹತ್ತಿರದ ಮಾವನ ಮನೆಗೆ ಹೊರಟಿದ್ದಾನೆ. ಭಾಮೈದನಿಗೆ ಹೆಣ್ಣು ನೋಡುವ ಕೆಲಸ. ಹಿರಿಯ ಅಳಿಯನಾದ ತಾನು ಇಲ್ಲಿ ಕಾಲುವೆಯ ಕೆಸರಿನಲ್ಲಿ ನಿಂತಿದ್ದೇನೆ. ನೀರು ತಣ್ಣಗಿತ್ತು.

ಮೊನ್ನೆ ಮಾವ ದೊಡ್ಡಮಾದಯ್ಯನ ಕಡೆಯಿಂದ ಬಂದ ಆಳು ಮನೆಯ ಜಗುಲಿಯ ಮೇಲೆ ಕೂತು, ಹೆಂಡತಿ ಸಣ್ಣಮ್ಮ ಕೊಟ್ಟ ಮಜ್ಜಿಗೆಯನ್ನು ಕುಡಿದು, ಬಾಯಿ ಒರೆಸಿಕೊಂಡು ಹೇಳಿದ್ದ: "ಎಣ್ ನೋಡಕ್ಕೆ ಮರಿಯಯ್ಯನ್ನ ಕಳಿಸ್ಬೇಕಂತೆ. ಬೀರಯ್ಯಂಗೆ ನೀರಿನ ಕೆಲ್ಸ, ಬುಟ್ಟು ಬರಕಾಗಲ್ಲ, ಪಾಪ ಅಂದ್ರು." ಕರೆಯದೇ ಇದ್ದದ್ದಕ್ಕಿಂತ ಆ 'ಪಾಪ' ಬೀರಯ್ಯನ ಹೊಟ್ಟೆಯೊಳಗೆ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು. ಬರುವುದಕ್ಕೆ ಆಗುತ್ತದೋ ಇಲ್ಲವೋ ಎಂದು ಕೇಳಿದವರು ಯಾರು? ಒಂದು ದಿನ ನೀರು ಬಿಡಲು ಊರಿನಲ್ಲಿ ಬೇರೆ ಗಂಡಸೇ ಇಲ್ಲವೇ? ಈ ಮರಿಯಯ್ಯನನ್ನು ಆ ಮನೆಗೆ ಅಳಿಯನನ್ನಾಗಿ ಮಾಡಿಸಿದವನೇ ತಾನು. ಹನ್ನೆರಡು ವರ್ಷದ ಹಿಂದೆ ಮಾವ ಅನುಮಾನಪಟ್ಟಾಗ, ಹುಡುಗ ಕುರಿ ಮೇಯಿಸಿದರೂ ಮಾತಿಗೆ ನಿಲ್ಲುವವನು ಎಂದು ತಾನೇ ಮುಂದೆ ನಿಂತು ಹೇಳಿದ್ದ. ಆಗ ಮರಿಯಯ್ಯ ಇವನ ಹಿಂದೆ ತಲೆ ತಗ್ಗಿಸಿ ನಡೆಯುತ್ತಿದ್ದ. ಈಗಲೂ ತಲೆ ತಗ್ಗಿಸಿಯೇ ನಡೆಯುತ್ತಾನೆ, ಆದರೆ ಈಗ ಜನ ಆ ತಗ್ಗಿದ ತಲೆಯನ್ನೇ ಹೊಗಳುತ್ತಾರೆ. ತಾನೂ ತಗ್ಗಿಸಿ ನೋಡಿದ್ದುಂಟು. ಕತ್ತು ನೋವೇನೋ ಎಂದು ಸಣ್ಣಮ್ಮ ಎಣ್ಣೆ ಕಾಯಿಸಿ ತಂದಿದ್ದಳು.

ಹಲಗೆಯನ್ನು ಏರಿಯ ಮೇಲೆ ಹಾಕಿ ಮೇಲೆ ಹತ್ತಿದ. ಇವತ್ತು ಕೆಳಗಿನ ಗದ್ದೆಗಳ ಸರದಿ, ಕಾಲುವೆ ತುಂಬ ನೀರು ಹರಿಯಬೇಕು. ತಾತನ ಕಾಲದಿಂದ ನೀರುಗಂಟಿಯ ಮನೆ ಅವರದು. ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಿ ನೀರು ತಿರುಗಿಸುವುದು, ದಿನಕ್ಕೆ ಎರಡು ಸಲ ಕಾಲುವೆಯ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುವುದು. ಆ ಏರಿಯ ಮೇಲೆ ತನ್ನ ಹೆಜ್ಜೆಯ ಗುರುತಿನಷ್ಟು ಬೇರೆ ಯಾರದ್ದೂ ಇಲ್ಲ ಎಂಬ ಜಂಬ ಅವನಿಗಿತ್ತು. ಹಿಂದೆ ಬೂದ ಬರುತ್ತಿತ್ತು, ಬೂದಿಯ ಬಣ್ಣದ ಅವನ ನಾಯಿ. ಹೆಸರು ಸಣ್ಣಮ್ಮ ಇಟ್ಟದ್ದು. ಅವನು ಅದನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಕರೆಯುವ ಅಗತ್ಯವೂ ಬಂದಿರಲಿಲ್ಲ, ಯಾವಾಗ ತಿರುಗಿದರೂ ಹಿಂದೆಯೇ ಇರುತ್ತಿತ್ತು. ಕೊರಳಿನಿಂದ ತೂಗಾಡುವ ಕೊರಡು ಮುಂಗಾಲಿನ ಮಂಡಿಗಳಿಗೆ ಬಡಿದು ಟಕ್ ಟಕ್ ಎನ್ನುವ ಸದ್ದಿಗೆ ಅವನ ಕಿವಿ ಎಷ್ಟು ಒಗ್ಗಿತ್ತೆಂದರೆ ಅದು ಕೇಳಿಸುವುದೇ ನಿಂತುಹೋಗಿತ್ತು. ಇವತ್ತು ಮಾತ್ರ ಕೇಳಿಸಿತು, ಯಾಕೆಂದರೆ ಅದರ ಪಕ್ಕದಲ್ಲಿ ಸದ್ದೇ ಇಲ್ಲದೆ ಇನ್ನೊಂದು ನಾಯಿ ನಡೆಯುತ್ತಿತ್ತು.

ಕೊರಡಿನ ಕಟ್ಟಳೆ ಹೋದ ವರ್ಷದ್ದು. ಎಲೆಕ್ಷನ್ ಮುಗಿದ ಮರುವರ್ಷದ ಬೇಸಿಗೆಯಲ್ಲಿ ಕಾಡಿನ ಒಳಗಿನ ಹೊಂಡಗಳೆಲ್ಲ ಒಣಗಿ ಜಿಂಕೆಗಳು ಹಿಂಡುಹಿಂಡಾಗಿ ಈ ಕಾಲುವೆಗೆ ಇಳಿದಿದ್ದವು. ಊರ ನಾಯಿಗಳು ಒಟ್ಟು ಸೇರಿ ಗಬ್ಬದ ಜಿಂಕೆಯೊಂದನ್ನು ಏರಿಯ ಮೇಲೆಯೇ ಹರಿದು ಹಾಕಿದವು. ಅರಣ್ಯ ಇಲಾಖೆಯವರು ಸಿಟ್ಟಾಗಿ ಒಂದು ತಿಂಗಳು ಊರಿನ ದನ ಕುರಿಗಳನ್ನು ಕಾಡಿಗೆ ಬಿಡಲಿಲ್ಲ. ಮೇವಿಲ್ಲದೆ ಅರಚುವ ದನಗಳ ಮಧ್ಯೆ ಕೂತು ಪಟೇಲ ಶಂಭುಲಿಂಗಪ್ಪ ಚಾವಡಿಯಲ್ಲಿ ತೀರ್ಮಾನ ಮಾಡಿದ: ಶಿವರಾತ್ರಿಯಿಂದ ಮೊದಲ ಮಳೆಯವರೆಗೆ ಏರಿಯ ಮೇಲೆ ಕಾಲಿಡುವ ಪ್ರತಿ ನಾಯಿಯ ಕೊರಳಿಗೂ ಮೊಳದುದ್ದದ ಮರದ ಕೊರಡು. ನಡೆಯಬಹುದು, ಓಡಲಿಕ್ಕಾಗಬಾರದು. ಬೇಕೆಂದೇ ಯಾರಾದರೂ ಜಿಂಕೆಯ ಮೇಲೆ ನಾಯಿ ಛೂ ಬಿಟ್ಟರೆ ಅವನಿಗೆ ಊರ ಕೆಲಸವಿಲ್ಲ, ಅವನ ದನಕ್ಕೆ ಕಾಡಿಲ್ಲ. ನೋಡಿಕೊಳ್ಳಬೇಕಾದವನು ನೀರುಗಂಟಿ. ಬೀರಯ್ಯನಿಗೆ ಎದೆ ಉಬ್ಬಿತ್ತು. ಹುಣಸೆಯ ಕೊಂಬೆ ಕಡಿದು, ಸಿಬಿರು ಕೆತ್ತಿ, ಮನೆ ಮನೆಗೆ ಹೋಗಿ ತಾನೇ ಕಟ್ಟಿದ. ಎಲ್ಲಕ್ಕಿಂತ ದಪ್ಪದ ತುಂಡನ್ನು ತನ್ನ ನಾಯಿಗೇ ಕಟ್ಟಿದ. ನೀರುಗಂಟಿ ತನ್ನ ನಾಯಿಗೆ ಸಲಿಗೆ ಕೊಟ್ಟ ಎಂದು ಯಾವನೂ ಬೆರಳು ತೋರಿಸಬಾರದು. ಬೂದ ಕತ್ತು ನೀಡಿ ಕಟ್ಟಿಸಿಕೊಂಡು, ಭಾರಕ್ಕೆ ಒಂದು ಸಲ ಮುಗ್ಗರಿಸಿ, ಎದ್ದು ಅವನ ಹಿಂದೆಯೇ ಬಂದಿತ್ತು. ಮಂಡಿಗಳ ಕೂದಲು ಉದುರಿ ಚರ್ಮ ಕೆಂಪಗೆ ಕಿತ್ತುಬಂದಾಗ ಸಣ್ಣಮ್ಮ ಅರಿಶಿನ ಹಚ್ಚಿ, "ಸ್ವಲ್ಪ ಸಣ್ಣ ತುಂಡು ಕಟ್ಟುದ್ರೆ ಆಗಕಿಲ್ವಾ?" ಎಂದಿದ್ದಳು. ಆಗಲ್ಲ ಎಂದಿದ್ದ.

ಹಾಗೆ ಊರಿಗೆಲ್ಲ ಕಟ್ಟಿ ಮುಗಿಸಿ ಕೊನೆಗೆ ಮರಿಯಯ್ಯನ ಹಟ್ಟಿಯ ಮುಂದೆ ನಿಂತಾಗ ಅವನ ನಾಯಿ ಕೆಂಚ ಬಾಲವಾಡಿಸದೆ, ಬೊಗಳದೆ ಸುಮ್ಮನೆ ನೋಡಿತು. ಮರಿಯಯ್ಯ, "ಕಟ್ಟಣ್ಣ, ಎಲ್ರುಗೂ ಒಂದೇ," ಎಂದ. ಕಟ್ಟಿ ಬಂದ ನಾಲ್ಕೇ ದಿನಕ್ಕೆ ಚಾವಡಿಯಿಂದ ಕರೆ. ಕಾಡಿನ ಗಾರ್ಡು ಮುದ್ದಯ್ಯ ಶಂಭುಲಿಂಗಪ್ಪನ ಪಕ್ಕದಲ್ಲಿ ಕೂತು ಎಲೆಯಡಿಕೆ ಮೆಲ್ಲುತ್ತಿದ್ದ. ತಾನು ಕಣ್ಣಾರೆ ಕಂಡದ್ದು ಎಂದು ಹೇಳಿದ: ಕೊರಡಿನ ಹಗ್ಗ ಕಳಚಿಬಿದ್ದಿದ್ದರೂ ಆ ನಾಯಿ, ಎದುರಿಗೇ ಜಿಂಕೆ ನೀರು ಕುಡಿಯುತ್ತಿದ್ದರೂ, ಮರಿಯಯ್ಯ ಕೂರು ಎಂದ ಜಾಗದಿಂದ ಅಲ್ಲಾಡಲಿಲ್ಲ. ಶಂಭುಲಿಂಗಪ್ಪ ಬೀರಯ್ಯನ ಕಡೆ ತಿರುಗಿದ. "ಆ ನಾಯಿಗೆ ಕೊರಡು ಬ್ಯಾಡ ಬುಡು ಬೀರಯ್ಯ. ಅವ್ನು ಮಾತಲ್ಲೇ ಕಟ್ಟಾಕವ್ನೆ." ಮುದ್ದಯ್ಯ ಕೆಂಪು ಬಾಯಿ ಬಿಟ್ಟು ನಕ್ಕ. "ನೀನು ಊರ್ ನಾಯ್ಗೆಲ್ಲ ಮರ ಕಟ್ದೆ, ನಿನ್ ಷಡ್ಕ ಬುದ್ಧಿ ಕಟ್ಟವ್ನೆ ಕಣ. ಓಗಿ ಕಲ್ತ್ಕೊ." ಚಾವಡಿಯಲ್ಲಿದ್ದವರೆಲ್ಲ ನಕ್ಕರು. ಬೀರಯ್ಯನೂ ನಕ್ಕ. ತಾನೂ ನಕ್ಕದ್ದು ಎಲ್ಲಕ್ಕಿಂತ ದೊಡ್ಡ ಅವಮಾನ ಎಂದು ಮನೆ ಮುಟ್ಟುವ ಹೊತ್ತಿಗೆ ಗೊತ್ತಾಯಿತು.

ಅಲ್ಲಿಂದ ಶುರುವಾದದ್ದು ಈ ಉರಿ. ಏನು ಕಂಡರೂ ಉರಿ. ಮರಿಯಯ್ಯ ನಗುವಾಗ ಹಲ್ಲು ಕಾಣಿಸುವುದಿಲ್ಲ, ಅದಕ್ಕೆ ಉರಿ. ಅವನು ಏರಿಯ ಮೇಲೆ ಕುರಿ ಹೊಡೆದುಕೊಂಡು ಬಂದರೆ ಗದ್ದೆಯವರು ಕೈಯೆತ್ತಿ ಮಾತಾಡಿಸುತ್ತಾರೆ. ತಾನು ಬಂದರೆ ನೀರು ಸಾಲದು ಎಂದು ಕೂಗುತ್ತಾರೆ. ಸಣ್ಣಮ್ಮ ಹಬ್ಬದ ದಿನ ಅವನ ಎಲೆಗೆ ಎರಡನೆಯ ಸಲ ತುಪ್ಪ ಹಾಕಿದ್ದನ್ನು ಇವನು ಮರೆತಿರಲಿಲ್ಲ, ತನ್ನ ಎಲೆಗೆ ಮೂರು ಸಲ ಹಾಕಿದ್ದಳು ಎಂಬುದು ಗೊತ್ತಿದ್ದರೂ. ಹರವೆಗೆ ಕೊಟ್ಟ ಮಗಳು ತವರಿಗೆ ಬಂದಾಗ ಮೊದಲು ಚಿಕ್ಕಪ್ಪನ ಮನೆಗೆ ಓಡುತ್ತಾಳೆ, ನಾಯಿ ಕೂರಿಸುವುದನ್ನು ನೋಡಲು. ಹೊಟ್ಟೆಕಿಚ್ಚು ಅನ್ನುವುದು ಹೆಂಗಸರದ್ದು ಎಂದು ಅವನು ನಂಬಿಕೊಂಡಿದ್ದ, ಆದ್ದರಿಂದ ತನಗೆ ಆಗುತ್ತಿರುವುದಕ್ಕೆ ಬೇರೆ ಬೇರೆ ಹೆಸರು ಕೊಡುತ್ತಿದ್ದ: ಪಿತ್ತ, ಬಿಸಿಲು, ನ್ಯಾಯ. ನಾಯಿಗಳಲ್ಲಿ ಭೇದ ಮಾಡಬಾರದಪ್ಪ, ಅಷ್ಟೇ. ಒಂದೇ ಒಂದು ದಿನ, ಒಂದೇ ಒಂದು ಸಲ ಆ ಕೆಂಚ ಮಾತು ಮೀರಿ ಓಡಲಿ. ಹೆಚ್ಚೇನೂ ಬೇಡ. ಕಚ್ಚುವುದೂ ಬೇಡ, ನಾಲ್ಕು ಮಾರು ಅಟ್ಟಿಸಿಕೊಂಡು ಹೋದರೆ ಸಾಕು. ತಾನು ಅದನ್ನು ಚಾವಡಿಯಲ್ಲಿ ಮೆಲ್ಲಗೆ, ಬೇಜಾರಿನ ದನಿಯಲ್ಲಿ ಹೇಳುತ್ತಾನೆ.

ಇಂಥವನ ಕೈಗೆ ಆ ನಾಯಿಯನ್ನು ತಂದು ಒಪ್ಪಿಸಿದವನು ಮರಿಯಯ್ಯನೇ. ಇವತ್ತು ಬೆಳಕು ಹರಿಯುವ ಮೊದಲೇ ಬಂದು ಜಗುಲಿಯ ಕೆಳಗೆ ನಿಂತಿದ್ದ. "ಅಣ್ಣ, ನಿನ್ ಬುಟ್ಟು ನಾನು ಓಗದು ನಂಗೂ ಸರಿ ಕಾಣಕಿಲ್ಲ. ಮಾವಂಗೆ ಏಳ್ತೀನಿ, ಅಣ್ಣ ಬಂದು ನೋಡಗಂಟ ಮಾತು ಮುಗಿಸ್ಬ್ಯಾಡಿ ಅಂತ," ಎಂದ. ಬೀರಯ್ಯ, "ಓಗು ಓಗು, ಯಾರ್ ನೋಡುದ್ರೂ ಅದೇ ಎಣ್ಣಲ್ವಾ," ಎಂದ. ಮರಿಯಯ್ಯ ಕೆಂಚನನ್ನು ಮುಂದಕ್ಕೆ ಕರೆದ. "ಇದು ಬಸ್ ಇಂದೆ ಓಡ್ ಬತ್ತದ. ನಿನ್ ತಾವೇ ಇರ್ಲಿ. ಕೂರು ಅಂದ್ರೆ ಕೂರ್ತದ, ಬಾ ಅಂದ್ರೆ ಬತ್ತದ. ಬ್ಯಾರೆ ಏನೂ ಕಲ್ಸಿಲ್ಲ. ಸಂಜೆ ಬಸ್ಸಿಗೆ ಬಂದ್ಬುಡ್ತೀನಿ." ಕೆಂಚನ ತಲೆಯ ಮೇಲೆ ಕೈಯಿಟ್ಟು ಕೂರು ಎಂದು ಹೇಳಿ ಹಿಂದಿರುಗಿ ನೋಡದೆ ನಡೆದುಬಿಟ್ಟ. ಹಿಂದಿರುಗಿ ನೋಡಿದರೆ ನಾಯಿ ಏಳುತ್ತದೆ ಎಂದು ಅವನಿಗೆ ಗೊತ್ತು. ಸಣ್ಣಮ್ಮ ಒಳಗಿನಿಂದ ಮುದ್ದೆಯ ಚೂರಿಗೆ ಮಜ್ಜಿಗೆ ಕಲಸಿ ತಂದು ಮುತ್ತುಗದ ಎಲೆಯ ಮೇಲೆ ಕೆಂಚನ ಮುಂದೆ ಇಟ್ಟಳು. ನೆಂಟರ ಮನೆಯ ನಾಯಿಗೂ ಎಲೆ! ಬೂದನ ಪಾಲನ್ನು ಅಂಗಳದ ಕಲ್ಲಿನ ಮೇಲೆ ಹಾಕಿದಳು. "ಇದ್ಯಾಕಿಂಗೆ ಗುರಾಯಿಸ್ತಿದ್ದೀರಿ? ಅದು ಮೂಕಪ್ರಾಣಿ, ನಿಮ್ಗೇನ್ ಮಾಡ್ತು?" ಎಂದು ಕೇಳಿದಳು. ಅವನು ಸನಿಕೆ ಹೆಗಲಿಗೆ ಹಾಕಿಕೊಂಡು, ಬಾ ಎಂದ. ಕೆಂಚ ಎದ್ದು ಬಂತು. ಬೂದನಿಗೆ ಏನೂ ಹೇಳಲಿಲ್ಲ. ಅದೂ ಕಲ್ಲಿನ ಮೇಲಿನ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಬಂತು.

ಈಗ ಬಿಸಿಲು ನೆತ್ತಿಗೇರಿತ್ತು. ಗದ್ದೆಗಳಲ್ಲಿದ್ದವರು ಉಣ್ಣಲು ಊರಿಗೆ ಹೋಗಿದ್ದರು. ಕಾಲುವೆ ತಿರುವು ತೆಗೆದುಕೊಂಡು ಗಾಡಿದಾರಿಯ ಮೋರಿಯೊಳಗೆ ನುಗ್ಗುವ ಕಡೆ, ಹೊಂಗೆಯ ನೆರಳಿನಲ್ಲಿ ಬೀರಯ್ಯ ಕೂತಿದ್ದ. ಜಿಂಕೆಗಳು ಬರುವ ಹೊತ್ತು ಇದೇ, ಜಾಗವೂ ಇದೇ. ಅದು ಗೊತ್ತಿದ್ದೇ ಅಲ್ಲಿ ಕೂತಿದ್ದ, ಆದರೆ ನೆರಳಿಗೆ ಕೂತೆ ಎಂದು ತನಗೆ ತಾನೇ ಹೇಳಿಕೊಂಡ. ಬೆಳಗಿನಿಂದ ಕೆಂಚನಿಗೆ ಹತ್ತು ಸಲ ಕೂರು ಎಂದಿದ್ದ, ಹತ್ತು ಸಲ ಬಾ ಎಂದಿದ್ದ. ಹತ್ತು ಸಲವೂ ಅದು ಕೂತಿತ್ತು, ಬಂದಿತ್ತು. ಮೊದಲ ಸಲ ಕೂತಾಗ ಅವನ ಮೈಯಲ್ಲಿ ಒಂದು ಬಗೆಯ ಸುಖ ಹರಿದಾಡಿತು, ಅರೆ, ನನ್ನ ಮಾತೂ ಕೇಳುತ್ತದಲ್ಲ! ಆಮೇಲೆ ಗಮನಿಸಿದ: ಕೂತಾಗ ಅದರ ಕಣ್ಣು ತನ್ನ ಮೇಲಿರಲಿಲ್ಲ. ಬಸ್ಸು ಹೋದ ದಾರಿಯ ಕಡೆಗಿತ್ತು. ಅದು ತನ್ನ ಮಾತಿಗೆ ಕೂರುತ್ತಿರಲಿಲ್ಲ, ಮರಿಯಯ್ಯ ಬಿಟ್ಟುಹೋದ ಮಾತಿಗೆ ಕೂರುತ್ತಿತ್ತು. ಸಾಲದ್ದಕ್ಕೆ ತನ್ನ ಬಾಯಿಂದಲೇ ಮರಿಯಯ್ಯನ ಮಾತನ್ನು ಹೇಳಿಸಿಕೊಳ್ಳುತ್ತಿತ್ತು. ಇಲ್ಲದವನನ್ನು ಕೂಡ ಕಾಯುವ ಆ ನೋಟವನ್ನು ನೋಡುತ್ತಾ ಬೀರಯ್ಯನಿಗೆ ಮಾವನ ಮನೆಯ ಪಡಸಾಲೆ ಕಾಣಿಸಿತು. ಈ ಹೊತ್ತಿಗೆ ಮರಿಯಯ್ಯ ಅಲ್ಲಿ ಚಾಪೆಯ ಮೇಲೆ ಕೂತು ಹೆಣ್ಣಿನ ಕಡೆಯವರ ಜೊತೆ ತಗ್ಗಿದ ದನಿಯಲ್ಲಿ ಮಾತಾಡುತ್ತಿರಬೇಕು. ಹಿರಿಯ ಅಳಿಯ ಬರಲಿಲ್ಲವೇ ಎಂದು ಯಾರೋ ಕೇಳುತ್ತಾರೆ. ಅವನಿಗೆ ನೀರಿನ ಕೆಲಸ, ಪಾಪ.

ಐದು ಜಿಂಕೆ ಬಂದವು. ಅದರಲ್ಲಿ ಒಂದು ಮರಿ. ಆಚೆಯ ದಡದ ಪೊದೆಯಿಂದ ಕತ್ತು ಚಾಚಿ ಗಾಳಿ ಮೂಸಿ, ಒಂದೊಂದೇ ಕಾಲು ಎತ್ತಿಟ್ಟುಕೊಂಡು ಇಳಿದವು. ಬೀರಯ್ಯ ಮೆಲ್ಲಗೆ ಕೂರು ಎಂದ. ಕೆಂಚ ಕೂತಿತು. ಬೂದ ಅವನ ಇನ್ನೊಂದು ಪಕ್ಕದಲ್ಲಿ ನಿಂತಿತ್ತು, ಅದಕ್ಕೆ ಯಾರೂ ಏನೂ ಹೇಳಿರಲಿಲ್ಲ. ಜಿಂಕೆಗಳು ನೀರಿಗೆ ಬಾಯಿ ಹಾಕಿದವು. ಮರಿಯ ತೆಳ್ಳನೆಯ ಕಾಲು ಕೆಸರಿನಲ್ಲಿ ಹೂತು ಅದು ಕಿತ್ತುಕೊಳ್ಳುವುದನ್ನು ಬೀರಯ್ಯ ನೋಡಿದ. ಚೆಂದ ಅನ್ನಿಸಿತು. ಆ ಚೆಂದ ಅನ್ನಿಸಿದ ಬೆನ್ನಿಗೇ, ಅವನ ಬಾಯಿ ಅವನನ್ನು ಕೇಳದೆ, ಹಲ್ಲಿನ ಸಂದಿಯಿಂದ ಹೇಳಿತು: "ಛೂ." ಕೆಂಚ ತಲೆ ತಿರುಗಿಸಿ ಅವನನ್ನು ನೋಡಿತು. ಬೆಳಗಿನಿಂದ ಮೊದಲ ಸಲ ಅವನನ್ನೇ ನೋಡಿತು, ಏನೋ ತಪ್ಪು ಕೇಳಿಸಿತು ಅನ್ನುವ ಹಾಗೆ. ಚಾವಡಿಯಲ್ಲಿ ಶಂಭುಲಿಂಗಪ್ಪ ಹಾಗೆಯೇ ನೋಡಿದ್ದ. ಬೀರಯ್ಯನ ಕಿವಿ ಬಿಸಿಯಾಯಿತು. "ಛೂ ಅಂದ್ರೆ! ಇಡಿ! ಇಡ್ಕೊ ಓಗು, ಮುಂಡೇದೆ!" ಮಣ್ಣಿನ ಹೆಂಟೆಯೊಂದನ್ನು ಎತ್ತಿ ಜಿಂಕೆಗಳ ಕಡೆ ಬೀಸಿದ. ಹೆಂಟೆ ನೀರಿನಲ್ಲಿ ಬಿದ್ದು ಒಡೆಯಿತು. ಜಿಂಕೆಗಳು ತಲೆಯೆತ್ತಿದವು. ಕೆಂಚ ಮುಂಗಾಲುಗಳ ಮೇಲೆ ಗದ್ದವಿಟ್ಟು ಇನ್ನೂ ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡಿತು.

ಆಗ ಅವನ ಮೊಣಕಾಲನ್ನು ಸವರಿಕೊಂಡು ಏನೋ ಮುಂದಕ್ಕೆ ನುಗ್ಗಿತು. ಟಕ್ ಟಕ್ ಟಕ್ ಎಂದು ಮೂಳೆಗೆ ಮರ ಬಡಿಯುವ ಸದ್ದು, ಒಂದರ ಮೇಲೊಂದು, ಇಷ್ಟು ಜೋರಾಗಿ ಅದನ್ನು ಅವನು ಎಂದೂ ಕೇಳಿರಲಿಲ್ಲ. ಬೂದ ಓಡುತ್ತಿತ್ತು. ಕೊರಡು ಕಾಲಿಗೆ ಸಿಕ್ಕಿ ಮುಗ್ಗರಿಸಿ, ಮೂತಿ ನೆಲಕ್ಕೆ ಉಜ್ಜಿ, ಎದ್ದು ಮತ್ತೆ ಓಡುತ್ತಿತ್ತು. ಕರೆದಿದ್ದರೆ ನಿಲ್ಲುತ್ತಿತ್ತು. ಅದು ಅವನಿಗೆ ಆ ಕ್ಷಣದಲ್ಲಿಯೇ ಗೊತ್ತಿತ್ತು, ಆಮೇಲೆ ಎಷ್ಟು ಸಲ ಯೋಚಿಸಿದರೂ ಗೊತ್ತಿರಲಿಲ್ಲ ಎಂದು ತನ್ನನ್ನು ತಾನು ನಂಬಿಸಿಕೊಳ್ಳಲು ಆಗಲಿಲ್ಲ. ಅವನು ಕರೆಯಲಿಲ್ಲ. ಖುಷಿಯಾಗಿತ್ತು. ಎದೆಯೊಳಗೆ ಏನೋ ಬಿಚ್ಚಿಕೊಂಡ ಹಾಗೆ ಎದ್ದುನಿಂತು, "ಆಂ, ಓಡು, ಓಡ್ಲಾ!" ಎಂದು ಕೂಗಿದ. ಜಿಂಕೆಗಳು ಪೊದೆಯ ಕಡೆ ಹಾರಿದವು. ಮರಿ ಮಾತ್ರ ಗಾಬರಿಯಲ್ಲಿ ದಿಕ್ಕು ತಪ್ಪಿ ದಡದುದ್ದಕ್ಕೂ ಓಡಿ, ಕೊನೆಗೆ ತಾಯಿಯ ಹಿಂದೆ ಪೊದೆಯೊಳಗೆ ಮಾಯವಾಯಿತು. ಬೂದ ಕಾಲುವೆಯನ್ನು ಹಾರಲು ನೋಡಿತು. ಹಾರುವಾಗ ಕೊರಡು ಎರಡು ಕಾಲಿನ ನಡುವೆ ಅಡ್ಡ ಸಿಕ್ಕಿತು. ದಡವನ್ನು ಮುಟ್ಟದೆ ನಡುನೀರಿನಲ್ಲಿ ಬಿತ್ತು.

ಈಜುತ್ತದೆ ಎಂದುಕೊಂಡ. ನಾಯಿ ಎಲ್ಲಾದರೂ ಮುಳುಗುತ್ತದೆಯೇ? ತಲೆ ಮೇಲೆ ಬಂತು, ಕಣ್ಣು ಇವನನ್ನು ಹುಡುಕಿ ಇವನ ಮೇಲೆ ನಿಂತಿತು, ತುಂಬಿ ಹರಿಯುವ ನೀರು ಅದನ್ನು ಹಾಗೆಯೇ ಮೋರಿಯ ಬಾಯಿಗೆ ಒಯ್ದಿತು. ಅಲ್ಲಿ ಕೊರಡು ಕಲ್ಲುಗಳಿಗೆ ಅಡ್ಡವಾಗಿ ಸಿಕ್ಕಿಕೊಂಡಿತು. ನೀರು ಮೈಯನ್ನು ಮೋರಿಯೊಳಗೆ ಎಳೆಯಿತು, ಕೊರಡು ಕೊರಳನ್ನು ಹೊರಗೆ ಹಿಡಿಯಿತು, ತಲೆ ಕೆಳಗೆ ಹೋಯಿತು. ಬೀರಯ್ಯ ಸನಿಕೆ ಹಿಡಿದೇ ಓಡಿ ನೀರಿಗಿಳಿದ. ಸೊಂಟದವರೆಗೆ ನೀರು, ನೀರಿನ ಒತ್ತಡಕ್ಕೆ ಕಾಲು ನಿಲ್ಲದು. ಕೊರಡನ್ನು ಎಳೆದ, ಬರಲಿಲ್ಲ. ಹಗ್ಗದ ಗಂಟಿಗೆ ಕೈ ಹಾಕಿದ. ಈ ಶಿವರಾತ್ರಿಗೆ ಮತ್ತೆ ಕಟ್ಟಿ, ಮೂರು ತಿಂಗಳು ಬಿಗಿದು ನೆನೆದ ಗಂಟು, ಅವನ ಕೈಯಲ್ಲೇ ಬಿಗಿದದ್ದು, ಉಗುರು ಕಿತ್ತರೂ ಸಡಿಲವಾಗಲಿಲ್ಲ. ತೂಬು ಮುಚ್ಚಿದರೆ ನೀರು ನಿಲ್ಲುತ್ತದೆ, ಆದರೆ ತೂಬು ಅರ್ಧ ಮೈಲಿ ದೂರ. "ಅಯ್ಯೋ, ಯಾರಾರ ಬನ್ರೋ!" ಎಂದು ಅರಚಿದ. ದಂಡೆಯ ಮೇಲೆ ಕೆಂಚ ಕೂತಿತ್ತು. ಕುಯ್ ಕುಯ್ ಎನ್ನುತ್ತಿತ್ತು, ಮೈಯೆಲ್ಲ ನಡುಗುತ್ತಿತ್ತು, ಆದರೆ ಏಳಲಿಲ್ಲ. ಕೂರು ಎಂದವನು ಬಾ ಎಂದಿರಲಿಲ್ಲ. ಸನಿಕೆಯ ಅಂಚಿನಿಂದ ಹಗ್ಗವನ್ನು ಕಲ್ಲಿಗೊತ್ತಿ ಕುಟ್ಟಿ ಕುಟ್ಟಿ ಕಡಿದು, ಮುಂಗಾಲು ಹಿಡಿದು ಎಳೆದು ಹೊರಗೆ ತರುವಾಗ ನೀರಿನಲ್ಲಿ ಬಾಲ ಆಡುತ್ತಿರುವುದನ್ನು ಕಂಡು ಬದುಕಿದೆ ಎಂದುಕೊಂಡ. ಬಾಲವನ್ನು ಆಡಿಸುತ್ತಿದ್ದದ್ದು ನೀರು.

ಏರಿಯ ಮೇಲೆ ಮಲಗಿಸಿ ಹೊಟ್ಟೆ ಒತ್ತಿದ, ಮೂಗಿಗೆ ಊದಿದ. ಕರೆಯಬೇಕೆನ್ನಿಸಿತು. ಬಾಯಿ ತೆರೆದ, ಬೂದ ಎನ್ನುವ ಮಾತು ಅಭ್ಯಾಸವಿಲ್ಲದೆ ನಾಲಗೆಯ ಮೇಲೆ ತೊಡರಿತು. ಇನ್ನೊಂದು ಸಲ ಕರೆದ. ಮಂಡಿಗಳ ಮೇಲೆ ಸಣ್ಣಮ್ಮ ಹಚ್ಚಿದ ಅರಿಶಿನ ತೊಳೆದುಹೋಗಿ ಕೆಳಗಿನ ಹಸಿ ಮಾಂಸ ಬೆಳ್ಳಗೆ ಕಾಣುತ್ತಿತ್ತು. ಎಷ್ಟೋ ದಿನದಿಂದ ಈ ನಾಯಿ ಹೀಗೆಯೇ ದಿನಕ್ಕೆ ಎರಡು ಸಲ ಕಾಲುವೆಯುದ್ದಕ್ಕೂ ತನ್ನ ಹಿಂದೆ ನಡೆದಿದೆ. ತಾನು ಅಷ್ಟು ದಿನವೂ ಮುಂದೆ ನಡೆಯುತ್ತಾ ಮರಿಯಯ್ಯನ ನಾಯಿಯ ವಿಷಯ ಯೋಚಿಸಿದ್ದಾನೆ. ಬೀರಯ್ಯನಿಗೆ ಅಳು ಬರಲಿಲ್ಲ. ಒದ್ದೆ ಪಂಚೆ ಹಿಂಡಿಕೊಳ್ಳುವುದನ್ನೂ ಬಿಟ್ಟು ಕೂತ.

ಜಿಂಕೆಯ ಕೂಗು ಕೇಳಿ ಬಂದ ಗಾರ್ಡು ಮುದ್ದಯ್ಯ ಆಚೆಯ ದಡದ ಹೆಜ್ಜೆಗಳನ್ನೆಲ್ಲ ನೋಡಿ, ಈಚೆಗೆ ದಾಟಿ, ಸತ್ತ ನಾಯಿಯನ್ನೂ ಮೋರಿಗೆ ಸಿಕ್ಕಿದ ಕೊರಡನ್ನೂ ಬೀರಯ್ಯನ ರಕ್ತ ಬಂದ ಬೆರಳುಗಳನ್ನೂ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು, ತಪ್ಪಾಗಿ. "ಜಿಂಕೆ ಕಂಡು ಓಡ್ಬುಡ್ತಾ? ನಾಯಿ ಜಾತಿ, ಏನ್ಮಾಡಿಯೆ. ಕೊರಡಿತ್ತು, ಅದ್ಕೆ ಮರಿ ಉಳ್ಕತ್ತು ಕಣ ಬೀರಯ್ಯ. ಇಲ್ದಿದ್ರೆ ಈ ಸಲ ಊರ್ ದನ ಎಲ್ಲ ಉಪಾಸ." ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. "ಅವತ್ತು ನಾನು ಚಾವ್ಡೀಲಿ ನಕ್ಕಿದ್ದು ತಪ್ಪು. ಸ್ವಂತ ನಾಯಿ ಓದ್ರೂ ಕಟ್ಟಳೆ ಬುಡ್ನಿಲ್ಲ ನೀನು. ಪಟೇಲ್ರಿಗೆ ನಾನೇ ಏಳ್ತೀನಿ." ಇಷ್ಟು ದಿನ ಯಾವ ಮಾತಿಗಾಗಿ ಬೀರಯ್ಯ ಒಳಗೊಳಗೇ ಬಾಯಿ ಬಿಡುತ್ತಿದ್ದನೋ ಅದೇ ಮಾತು. ಬೀರಯ್ಯ ತಲೆಯಾಡಿಸಿದ. ತಲೆಯಾಡಿಸಿದರೆ ಸಾಕಿತ್ತು, ಅಷ್ಟಕ್ಕೇ ಎಲ್ಲ ಮುಚ್ಚಿಹೋಗುತ್ತಿತ್ತು.

ಸಂಜೆಯವರೆಗೂ ಅದು ಮುಚ್ಚಿಯೇ ಇತ್ತು. ಏರಿಯ ಕೆಳಗೆ ಗುಂಡಿ ತೋಡಿದ. ಸುದ್ದಿ ಕೇಳಿ ಸಣ್ಣಮ್ಮ ಓಡಿಬಂದು ನಾಯಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಅತ್ತು ಮುಗಿದ ಮೇಲೆ ಒಂದೇ ಮಾತು ಕೇಳಿದಳು: "ಇಷ್ಟ್ ದಿನ ಜಿಂಕೆ ಎದ್ರುಗೇ ನೀರ್ ಕುಡುದ್ರೂ ಮಿಸುಕ್ನಿಲ್ಲ. ಇವತ್ತ್ಯಾಕೆ ಓಡ್ತು?" ಬೀರಯ್ಯ ಮಣ್ಣು ಎತ್ತಿಹಾಕುತ್ತಾ ನಿಂತ. ಶಂಭುಲಿಂಗಪ್ಪನೇ ಮುದ್ದಯ್ಯನ ಜೊತೆ ಏರಿಯ ಮೇಲೆ ನಡೆದುಬಂದ, ಕೊಡೆ ಹಿಡಿದುಕೊಂಡು, ಚಪ್ಪಲಿಗೆ ಕೆಸರು ತಾಕದ ಹಾಗೆ. "ನೀರುಗಂಟಿ ಅಂದ್ರೆ ಇಂಗಿರ್ಬೇಕು ಕಣಯ್ಯ," ಎಂದ. ಅಷ್ಟರಲ್ಲಿ ಬಸ್ಸು ಕೂಗಿತು. ಕೆಂಚ ಕಿವಿ ನಿಮಿರಿಸಿತು, ಮೈಯೆಲ್ಲ ಒಂದು ಸಲ ಮುಂದಕ್ಕೆ ಜಗ್ಗಿತು, ಆದರೂ ಏಳಲಿಲ್ಲ. ಇಷ್ಟು ಹೊತ್ತೂ ಅದು ಕೂತ ಜಾಗದಲ್ಲೇ ಕೂತಿತ್ತು, ಯಾರಿಗೂ ನೆನಪಾಗಿರಲಿಲ್ಲ. ಬೀರಯ್ಯ, "ಬಾ," ಎಂದ. ಬಾಣದ ಹಾಗೆ ರಸ್ತೆಯ ಕಡೆ ಓಡಿತು. ಅದು ಓಡುವುದನ್ನು ಅವನು ಮೊದಲ ಸಲ ನೋಡಿದ. ಎಷ್ಟು ಚೆನ್ನಾಗಿ ಓಡುತ್ತಿತ್ತು, ಕೊರಳಲ್ಲಿ ಏನೂ ಇಲ್ಲದೆ.

ಮರಿಯಯ್ಯ ದಾರಿಯಲ್ಲೇ ಸುದ್ದಿ ಕೇಳಿ ಬಂದಿದ್ದ. ಹೊಸ ಕಂಬಳಿಯನ್ನು ಹೆಗಲಿನಿಂದ ತೆಗೆದು ಸಣ್ಣಮ್ಮನ ತೊಡೆಯ ಮೇಲಿದ್ದ ನಾಯಿಗೆ ಹೊದಿಸಿದ. ಬೀರಯ್ಯ ಕೊನೆಯ ಸಲ ಉರಿದ: ತನಗೆ ಯಾಕೆ ಇದು ತೋಚಲಿಲ್ಲ? "ನಂದೇ ತಪ್ಪು ಅಣ್ಣ," ಎಂದ ಮರಿಯಯ್ಯ. "ಬ್ಯಾರೆ ನಾಯ್ನ ಜೊತೇಲಿ ಬುಟ್ಟು ಓದೆ. ಇದ್ಕೆ ಏನೋ ಗಲಿಬಿಲಿ ಆಗದ. ನೀನ್ ಮನ್ಸಿಗ್ ಅಚ್ಕೊಬ್ಯಾಡ. ಎಂಥ ನಾಯಿ ಆದ್ರೂ ಒಂದಿನ ಮಾತು ಮೀರ್ತದ."

ಎಲ್ಲರೂ ಹೌದು ಎನ್ನುವ ಹಾಗೆ ತಲೆದೂಗಿದರು. ಶಂಭುಲಿಂಗಪ್ಪ ದೂಗಿದ, ಮುದ್ದಯ್ಯ ದೂಗಿದ. ಬೀರಯ್ಯನ ಕೈಯಿಂದ ಸನಿಕೆ ಜಾರಿತು. ತನ್ನ ಕೆಲಸ, ತಾತನ ಕಾಲದ ತೂಬು, ಕಾಡಿಗೆ ಹೋಗುವ ತನ್ನ ಎರಡು ಹಸು, ಇದೇ ಈಗ ಸಿಕ್ಕಿದ ಹೊಗಳಿಕೆ, ಎಲ್ಲ ಅವನ ಕಣ್ಣ ಮುಂದೆ ಸ್ಪಷ್ಟವಾಗಿ ನಿಂತಿದ್ದವು. ಆದರೂ ಆ ಮಾತನ್ನು ಅಲ್ಲಿ ಹಾಗೆಯೇ ಬಿಟ್ಟು ಅದರ ಮೇಲೆ ಮಣ್ಣು ಹಾಕಲು ಅವನಿಂದ ಆಗಲಿಲ್ಲ.

"ಮೀರ್ನಿಲ್ಲ," ಎಂದ.

"ಏನಣ್ಣ?"

"ಅದು ಮಾತು ಮೀರ್ನಿಲ್ಲ ಕಣ ಮರಿಯ. ನಾನೇ ಛೂ ಬುಟ್ಟೆ. ನಿನ್ ನಾಯಿಗೆ ಅಂದೆ, ಬೇಕು ಅಂತ್ಲೇ ಅಂದೆ. ಅದು ಕೇಳ್ನಿಲ್ಲ. ನಂದು ಕೇಳ್ತು." ಅವನ ದನಿಯಲ್ಲಿ ಜಂಬದಂಥದ್ದೇನೋ ಇತ್ತು, ಅದನ್ನು ಅವನು ತಡೆಯಲಾರದೆ ಹೋದ. "ಕೊರಡು ಕಟ್ಕೊಂಡೇ ಓಡ್ತು."

ಶಂಭುಲಿಂಗಪ್ಪ ಕೊಡೆಯನ್ನು ಮಡಚಿ ಮುದ್ದಯ್ಯನ ಮುಖ ನೋಡಿದ. ಮರಿಯಯ್ಯ ತಲೆ ತಗ್ಗಿಸಿದ. ಬೀರಯ್ಯ ಅವರಲ್ಲಿ ಯಾರ ಕಡೆಗೂ ನೋಡದೆ ಹೆಂಡತಿಯ ಎದುರು ಕುಕ್ಕರಗಾಲಿನಲ್ಲಿ ಕೂತು, ಅವಳು ನಂಬಲಿಕ್ಕಿಲ್ಲವೇನೋ ಎಂಬ ಹೆದರಿಕೆಯಿಂದ ಮತ್ತೆ ಹೇಳಿದ: "ಒಂದೇ ಮಾತಿಗೆ ಓಡ್ತು ಕಣಮ್ಮಿ ಬೂದ. ನಂಗೋಸ್ಕರ."